417 ರೂಪಾಯಿ 60 ಪೈಸೆ: ಕನಿಷ್ಠ ವೇತನ ಏರಿದರೆ ಏನಾಗುತ್ತದೆ, ಏರದಿದ್ದರೆ ಏನಾಗುತ್ತದೆ

2020ರ ಏಪ್ರಿಲ್ 1ರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಸಂಬಳಕ್ಕೆ ತಿಂಗಳಿಗೆ 417 ರೂಪಾಯಿ 60 ಪೈಸೆ ಸೇರಬೇಕಿತ್ತು. ಯಾರೂ ಹೊಸದಾಗಿ ಕೇಳಿ ಪಡೆದದ್ದಲ್ಲ. ಅದು ತುಟ್ಟಿಭತ್ಯೆ. ಅಕ್ಕಿ, ಬೇಳೆ, ಎಣ್ಣೆ ಬೆಲೆ ಏರಿದ ಲೆಕ್ಕ ಹಾಕಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ತಾನಾಗಿ ಸಂಬಳಕ್ಕೆ ಕೂಡಿಕೊಳ್ಳುವ ದುಡ್ಡು.

ಆ ವರ್ಷ ಕೋವಿಡ್ ಬಂತು. ರಾಜ್ಯ ಸರ್ಕಾರ ತುಟ್ಟಿಭತ್ಯೆಯನ್ನು ಮುಂದಕ್ಕೆ ಹಾಕಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಮುಂದೂಡಿದ ಆದೇಶಕ್ಕೆ ಕೋರ್ಟು ತಡೆ ಕೊಟ್ಟಿತು. ಹಾಗಾದರೆ ದುಡ್ಡು ಬಂತು ಅಂದುಕೊಳ್ಳಬೇಕು, ಅಲ್ವಾ? ಬರಲಿಲ್ಲ. ಎಷ್ಟೋ ಕಾರ್ಖಾನೆಗಳು ಕೊಡಲೇ ಇಲ್ಲ. ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಅಮೆರಿಕದ ಸಂಸ್ಥೆ ಲೆಕ್ಕ ಹಾಕಿದಾಗ ಹೀಗೆ ದುಡ್ಡು ಸಿಗದವರು 4 ಲಕ್ಷಕ್ಕೂ ಜಾಸ್ತಿ ಇದ್ದರು. ಸುದ್ದಿ ವಿದೇಶಿ ಪತ್ರಿಕೆಗಳಲ್ಲಿ ಬಂತು. ಬಟ್ಟೆ ಕೊಳ್ಳುವ ಬ್ರಾಂಡ್‌ಗಳ ಮೇಲೆ ಒತ್ತಡ ಬಿತ್ತು. ಆಮೇಲೆ, 2022ರ ಆರಂಭದಲ್ಲಿ, ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿಕೊಂಡವು.

20 ತಿಂಗಳಿಗೆ ಗುಣಿಸಿದರೆ ತಲಾ 8,352 ರೂಪಾಯಿ. ಹತ್ತು–ಹನ್ನೆರಡು ಸಾವಿರದಲ್ಲಿ ಬದುಕುವ ಮನೆಗೆ ಇದು ಒಂದು ತಿಂಗಳ ಸಂಬಳಕ್ಕೆ ಹತ್ತಿರ. ಮಗುವಿನ ಶಾಲೆ ಫೀಸು, ಇಲ್ಲವೇ ಚೀಟಿ ಕಂತು, ಇಲ್ಲವೇ ಗಿರವಿ ಇಟ್ಟ ಓಲೆ ಬಿಡಿಸುವ ದುಡ್ಡು.

ಕನಿಷ್ಠ ವೇತನದ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ 417 ರೂಪಾಯಿ. ಯಾಕೆಂದರೆ ನಾವು ಚರ್ಚೆ ಮಾಡುವುದೆಲ್ಲ ದೊಡ್ಡ ಅಂಕಿಗಳ ಬಗ್ಗೆ. ಸಂಬಳ 20 ಸಾವಿರ ಮಾಡಿದರೆ ಕೈಗಾರಿಕೆ ಮುಳುಗುತ್ತದೆ ಅಂತ ಒಬ್ಬರು. 30 ಸಾವಿರ ಇಲ್ಲದೆ ಬದುಕಲು ಆಗದು ಅಂತ ಇನ್ನೊಬ್ಬರು. ವರ್ಷಕ್ಕೊಮ್ಮೆ ನಾಲ್ಕು ನೂರು ಏರಬೇಕಾದದ್ದು ಏರಲಿಲ್ಲ ಎಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಏರಿಕೆ ದೊಡ್ಡದಾಗಿ, ಹೆದರಿಸುವ ಹಾಗೆ ಕಾಣುವುದೇ ಇದರಿಂದ. ಸಣ್ಣ ಸಣ್ಣ ಏರಿಕೆಗಳನ್ನು ವರ್ಷಗಟ್ಟಲೆ ತಡೆದು, ಕೊನೆಗೊಂದು ದಿನ ಒಟ್ಟಿಗೆ ಮುಂದಿಟ್ಟರೆ ಯಾರಾದರೂ ಬೆಚ್ಚಿಬೀಳುತ್ತಾರೆ.

ಲೆಕ್ಕ ಶುರುವಾದದ್ದು ಊಟದಿಂದ

ಭಾರತದಲ್ಲಿ ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. ಆದರೆ ಕನಿಷ್ಠ ಅಂದರೆ ಎಷ್ಟು ಎಂದು ಕಾಯ್ದೆ ಹೇಳಲಿಲ್ಲ. ಅದಕ್ಕೆ ಉತ್ತರ ಕೊಟ್ಟದ್ದು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಪ್ಪಿದ ಲೆಕ್ಕ ಅದು. ಒಬ್ಬ ದುಡಿಯುವವ, ಅವನ ಹೆಂಡತಿ, ಇಬ್ಬರು ಮಕ್ಕಳು. ಊಟದ ಲೆಕ್ಕದಲ್ಲಿ ಇವರು ಮೂರು ಜನ ದೊಡ್ಡವರಿಗೆ ಸಮ. ಒಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಬಾಡಿಗೆ. ಸೌದೆ, ದೀಪ ಮುಂತಾದವಕ್ಕೆ ಒಟ್ಟು ವೇತನದ 20%.

ಕ್ಯಾಲೊರಿ ಲೆಕ್ಕ ಹಾಕಿಕೊಟ್ಟವರು ಡಾ. ವ್ಯಾಲೇಸ್ ಐಕ್ರಾಯ್ಡ್. ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದವರು. ಮುಂದೆ ರೆಪ್ಟಕೋಸ್ ಬ್ರೆಟ್ ಎಂಬ ಕಂಪನಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಸಾಲು ಸೇರಿಸಿತು. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೆಲ್ಲ 25% ಇಡಬೇಕು ಎಂದಿತು. ಮನುಷ್ಯ ಬರೀ ತಿಂದು ಉಟ್ಟು ಮಲಗುವ ಪ್ರಾಣಿ ಅಲ್ಲ ಎಂಬುದನ್ನು ಅಂಕಿಯ ಭಾಷೆಯಲ್ಲಿ ಒಪ್ಪಿಕೊಂಡ ತೀರ್ಪು ಅದು. ಅದಕ್ಕೂ ಮೊದಲೇ, 1958ರ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ, ಕನಿಷ್ಠ ವೇತನವನ್ನೂ ಕೊಡಲಾಗದ ಉದ್ಯಮಕ್ಕೆ ಉಳಿಯುವ ಹಕ್ಕೇ ಇಲ್ಲ ಎಂದು ಕೋರ್ಟು ಹೇಳಿಯಾಗಿತ್ತು. 1983ರಲ್ಲಿ ರಾಜಸ್ಥಾನದ ಸಂಜಿತ್ ರಾಯ್ ಪ್ರಕರಣದಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಬಿಟ್ಟಿ ಚಾಕರಿ. ಸಂವಿಧಾನದ 23ನೇ ವಿಧಿಗೆ ವಿರುದ್ಧ.

ಕಾನೂನಿನ ಮಾತು ಇಷ್ಟು ಸ್ಪಷ್ಟ. ಆದರೆ ಲೆಕ್ಕದೊಳಗೆ ಇಣುಕಿದರೆ ಹಳೆಯ ಕಾಲ ಹಾಗೇ ಕೂತಿದೆ. 1957ರ ಲೆಕ್ಕದಲ್ಲಿ ಅಪ್ಪ ಅಮ್ಮ ಇಲ್ಲ. ಊರಲ್ಲಿರುವ ಅವ್ವನಿಗೆ ಮಾತ್ರೆಗೆ ದುಡ್ಡು ಕಳಿಸುವ ಟೈಲರ್ ಹೆಂಗಸು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ದುಡಿಯುವವನು ಗಂಡಸು ಎಂದೇ ಅದು ಅಂದುಕೊಂಡಿದೆ. ಬಾಡಿಗೆಯ ವಿಷಯ ಇನ್ನೂ ವಿಚಿತ್ರ. ಹಳೆಯ ವೇತನ ಕಾಯ್ದೆಗಳನ್ನು ಒಂದು ಮಾಡಿದ 2019ರ ವೇತನ ಸಂಹಿತೆಗೆ ಕೇಂದ್ರ ಮಾಡಿದ ಕರಡು ನಿಯಮಗಳಲ್ಲಿ ಬಾಡಿಗೆಗೆ ಇಟ್ಟದ್ದು ಊಟ–ಬಟ್ಟೆ ಖರ್ಚಿನ 10%. ಊಟ ಬಟ್ಟೆಗೆ 12 ಸಾವಿರ ಆದರೆ ಬಾಡಿಗೆಗೆ 1,200. ಬೆಂಗಳೂರಿನ ಲಗ್ಗೆರೆಯಲ್ಲೋ ಬೊಮ್ಮನಹಳ್ಳಿಯಲ್ಲೋ 1,200ಕ್ಕೆ ಒಂದು ಶೀಟ್ ಮನೆ ಸಿಗುತ್ತದಾ? ಅಡ್ವಾನ್ಸ್ ಮಾತು ಬಿಡಿ.

2025ರ ಕರಡು ಯಾಕೆ ಗಾಬರಿ ಹುಟ್ಟಿಸಿತು

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ 80ಕ್ಕೂ ಜಾಸ್ತಿ ಬಗೆಯ ಉದ್ಯೋಗಗಳಿಗೆ ಒಟ್ಟಿಗೆ ಅನ್ವಯಿಸುವ ಒಂದು ಕರಡು ಹೊರಡಿಸಿತು. ಅದರಲ್ಲಿ ತೀರಾ ಕೆಳಗಿನ ದರವೇ ತಿಂಗಳಿಗೆ ಸುಮಾರು 19,300 ರೂಪಾಯಿ. ಮೇಲಿನ ದರ 34 ಸಾವಿರ ದಾಟಿತ್ತು. ಅಲ್ಲಿಯವರೆಗೆ ಗಾರ್ಮೆಂಟ್ಸ್ ಹೆಂಗಸರಿಗೆ ಸಿಗುತ್ತಿದ್ದದ್ದು ಹದಿಮೂರು–ಹದಿನಾಲ್ಕು ಸಾವಿರದ ಆಸುಪಾಸು. ಅದರಲ್ಲೂ 12% ಪಿಎಫ್, 0.75% ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಳೆದು ಕೈಗೆ ಬರುವುದು ಇನ್ನೂ ಕಡಿಮೆ. ಕೈಗಾರಿಕೆಯ ಸಂಘಗಳು ಕೂಡಲೇ ಆಕ್ಷೇಪ ಎತ್ತಿದವು. ಒಂದೇ ಏಟಿಗೆ ಇಷ್ಟು ಏರಿಸಿದರೆ ಕಾರ್ಖಾನೆಗಳು ಪಕ್ಕದ ರಾಜ್ಯಕ್ಕೆ ಹೋಗುತ್ತವೆ ಎಂದವು.

ಏರಿಕೆ ದೊಡ್ಡದೇ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟು ದೊಡ್ಡದಾದದ್ದು ಹೇಗೆ ಅಂತ ಕೇಳಬೇಕು. ಕಾನೂನಿನ ಪ್ರಕಾರ ಐದು ವರ್ಷದೊಳಗೆ ಒಮ್ಮೆ ಮೂಲ ದರವನ್ನೇ ಪರಿಷ್ಕರಿಸಬೇಕು. ನಮ್ಮಲ್ಲಿ ನಡೆಯುವುದು ಬೇರೆ. ಕರಡು ಬರುತ್ತದೆ, ಆಕ್ಷೇಪ ಬರುತ್ತದೆ, ಯಾರೋ ಕೋರ್ಟಿಗೆ ಹೋಗುತ್ತಾರೆ, ವರ್ಷ ಉರುಳುತ್ತದೆ. 2018ರಲ್ಲಿ ಗಾರ್ಮೆಂಟ್ಸ್ ವೇತನ ಏರಿಸುವ ಕರಡನ್ನು ಸರ್ಕಾರ ಹೊರಡಿಸಿ, ಸ್ವಲ್ಪ ದಿನಕ್ಕೇ ಹಿಂದಕ್ಕೆ ಪಡೆಯಿತು. ಈ ಮಧ್ಯೆ ಏರುತ್ತಿದ್ದದ್ದು ತುಟ್ಟಿಭತ್ಯೆ ಒಂದೇ. ತುಟ್ಟಿಭತ್ಯೆ ಬೆಲೆಯ ಹಿಂದೆ ಓಡುವ ದುಡ್ಡು. ನಿನ್ನೆ ಕೊಳ್ಳುತ್ತಿದ್ದ ಅಕ್ಕಿಯನ್ನೇ ಇವತ್ತೂ ಕೊಳ್ಳಲು ಅದು ಸಾಕಾಗಬಹುದು. ಬದುಕು ಒಂದು ಮೆಟ್ಟಿಲು ಮೇಲೇರಲು ಸಾಕಾಗದು. ಕಾರ್ಖಾನೆಯ ಉತ್ಪಾದನೆ, ರಾಜ್ಯದ ಆದಾಯ, ನಗರದ ಬಾಡಿಗೆ ಎಲ್ಲವೂ ಮೂಲದಿಂದ ಬದಲಾದವು. ಮೂಲ ವೇತನ ಮಾತ್ರ ನಿಂತಲ್ಲೇ ನಿಂತಿತು. ಹೀಗೆ ನಿಂತ ನೀರನ್ನು ಒಮ್ಮೆಗೇ ಬಿಟ್ಟಾಗ ಅದು ಪ್ರವಾಹದ ಹಾಗೆ ಕಾಣಿಸುತ್ತದೆ.

ಕೆಲಸ ಹೋಗುತ್ತದಾ?

ಇದು ಪ್ರಾಮಾಣಿಕ ಪ್ರಶ್ನೆ. ಮೊದಲು ಹೊರಗಿನ ಅನುಭವ ನೋಡೋಣ.

1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿದರು. ಕೂಲಿ ಏರಿದ ಕಡೆ ಕೆಲಸ ಕಡಿಮೆ ಆಗಿರಲಿಲ್ಲ. ಆವರೆಗಿನ ಪಠ್ಯಪುಸ್ತಕಕ್ಕೆ ಇದು ತದ್ವಿರುದ್ಧ. ತುಂಬ ಜಗಳ ಆಯಿತು. 2021ರಲ್ಲಿ ಕಾರ್ಡ್ ಅವರಿಗೆ ನೊಬೆಲ್ ಬಂತು. ಅಷ್ಟರಲ್ಲಿ ಕ್ರೂಗರ್ ತೀರಿಕೊಂಡಿದ್ದರು. ಜರ್ಮನಿ 2015ರಲ್ಲಿ ಮೊದಲ ಸಲ ದೇಶಕ್ಕೆಲ್ಲ ಒಂದೇ ಕನಿಷ್ಠ ವೇತನ ತಂದಿತು, ಗಂಟೆಗೆ 8.50 ಯೂರೋ. ಅಲ್ಲೂ ಕೆಲಸ ಒಟ್ಟಾರೆ ಕುಗ್ಗಲಿಲ್ಲ. ಕಡಿಮೆ ಕೊಡುತ್ತಿದ್ದ ಸಣ್ಣ ಸಂಸ್ಥೆಗಳಿಂದ ಜನ ಇನ್ನೂ ಚೆನ್ನಾಗಿ ನಡೆಯುವ ಸಂಸ್ಥೆಗಳಿಗೆ ಹೋದರು. ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. ಸಿಯಾಟಲ್ ನಗರ 13 ಡಾಲರ್‌ಗೆ ಏರಿಸಿದಾಗ ಕಡಿಮೆ ಸಂಬಳದವರ ಕೆಲಸದ ಗಂಟೆಗಳು ಕಡಿತವಾದವು ಎಂದು ಅಲ್ಲಿನ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಹೇಳಿತು. ಅದನ್ನು ಒಪ್ಪದವರೂ ಇದ್ದಾರೆ. ಒಟ್ಟಿನಲ್ಲಿ, ಎಷ್ಟು ಏರಿಸಿದರೂ ಏನೂ ಆಗದು ಎಂಬ ಮಾತೂ ಸುಳ್ಳು. ಏರಿಸಿದ ಕೂಡಲೇ ಕೆಲಸ ಹೋಗುತ್ತದೆ ಎಂಬ ಮಾತೂ ಸುಳ್ಳು.

ಕೂಲಿ ಏರಿದರೂ ಕೆಲಸ ಯಾಕೆ ಹೋಗುವುದಿಲ್ಲ? ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಅಮೆರಿಕ ಬೇಕಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋದರೆ ಸಾಕು. ಗೂಡು ತಂದ ರೈತ ಅದನ್ನು ಮನೆಗೆ ವಾಪಸ್ ಒಯ್ಯುವ ಹಾಗಿಲ್ಲ. ಕೆಲವು ದಿನ ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ. ನೂಲು ಹಾಳು. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಜಾಸ್ತಿ ಬಂದ ದಿನ ದರ ಏರುತ್ತದೆ. ಕಡಿಮೆ ಬಂದ ದಿನ ಕೇಳಿದ ದರಕ್ಕೆ ಕೊಡಬೇಕು. ಗೂಡಿನ ಗುಣ ಎರಡೂ ದಿನ ಒಂದೇ. ಬದಲಾದದ್ದು ಕೊಳ್ಳುವವರ ಸಂಖ್ಯೆ.

ದುಡಿಮೆಯೂ ಹೀಗೇ. ಇವತ್ತಿನ ದಿನ ಇವತ್ತೇ ಮಾರಬೇಕು. ಮದ್ದೂರು, ಶ್ರೀರಂಗಪಟ್ಟಣ, ಗೌರಿಬಿದನೂರಿನ ಸುತ್ತ ಹಳ್ಳಿಯ ಹೆಂಗಸಿಗೆ ಎಷ್ಟು ಕಾರ್ಖಾನೆಗಳ ಆಯ್ಕೆ ಇದೆ? ಅವಳೂರಿಗೆ ಕಂಪನಿ ಬಸ್ಸು ಬರುವುದು ಒಂದೋ ಎರಡೋ. ಸಂಜೆ ಮಗು ಶಾಲೆಯಿಂದ ಬರುವಷ್ಟರಲ್ಲಿ ಮನೆ ಸೇರಬೇಕು. ದೂರ ಹೋಗಲು ಮನೆಯಲ್ಲಿ ಒಪ್ಪುವುದಿಲ್ಲ. ಹಾಗಾಗಿ ಅವಳ ದುಡಿಮೆಯ ಬೆಲೆಯನ್ನು ಅವಳ ಕೈಚಳಕ ನಿರ್ಧರಿಸುವುದಿಲ್ಲ. ಬಸ್ಸಿನ ರೂಟು ನಿರ್ಧರಿಸುತ್ತದೆ.

ಇಂಥ ಕಡೆ ಒಂದು ವಿಚಿತ್ರ ನಡೆಯುತ್ತದೆ. ಎಷ್ಟೋ ಗಾರ್ಮೆಂಟ್ಸ್ ಗೇಟಿನಲ್ಲಿ ‘ಟೈಲರ್‌ಗಳು ಬೇಕಾಗಿದ್ದಾರೆ’ ಎಂಬ ಬೋರ್ಡು ವರ್ಷಪೂರ್ತಿ ತೂಗುತ್ತಿರುತ್ತದೆ. ಜನ ಬೇಕಾದರೆ ಸಂಬಳ ಏರಿಸಬಹುದಲ್ಲ? ಏರಿಸುವುದಿಲ್ಲ. ಹೊಸಬರಿಗೆ ಐನೂರು ಜಾಸ್ತಿ ಕೊಟ್ಟರೆ ಒಳಗಿರುವ ಸಾವಿರ ಜನಕ್ಕೂ ಕೊಡಬೇಕಾಗುತ್ತದೆ. ಅದಕ್ಕಿಂತ ನಾಲ್ಕು ಮೆಷಿನ್ ಖಾಲಿ ಇಟ್ಟುಕೊಳ್ಳುವುದೇ ಲಾಭ. ಕಾನೂನು ಬಂದು ಎಲ್ಲರಿಗೂ ಐನೂರು ಏರಿಸಿದರೆ ಈ ಲೆಕ್ಕಾಚಾರವೇ ಮುರಿದು ಬೀಳುತ್ತದೆ. ಆ ಸಂಬಳಕ್ಕೆ ಇನ್ನಷ್ಟು ಜನ ಬರುತ್ತಾರೆ. ಬಿಟ್ಟು ಹೋಗುವವರು ಕಡಿಮೆ ಆಗುತ್ತಾರೆ. ಖಾಲಿ ಮೆಷಿನ್ ತುಂಬುತ್ತದೆ.

ಬಿಟ್ಟು ಹೋಗುವುದು ಸಣ್ಣ ಸಂಗತಿ ಅಲ್ಲ. ಅಧ್ವರ್ಯು, ಮೊಲಿನಾ, ನೈಷಧಂ ಎಂಬ ಸಂಶೋಧಕರು ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವೇತನ ಏರಿಕೆ ನಿರೀಕ್ಷೆಗಿಂತ ಕಡಿಮೆ ಬಂದು ಕಾರ್ಮಿಕರು ಬೇಸರಗೊಂಡಿದ್ದ ಸಮಯ. ಕೆಲವರಿಗೆ ಹೆಸರು ಹೇಳದೆ ತಮ್ಮ ಅಭಿಪ್ರಾಯ ತಿಳಿಸುವ ಅವಕಾಶ ಕೊಟ್ಟರು, ಅಷ್ಟೇ. ಹಾಗೆ ಮಾತಾಡಲು ಸಿಕ್ಕವರು ಕೆಲಸ ಬಿಡುವ ಸಾಧ್ಯತೆ ಸುಮಾರು 20% ಕಡಿಮೆ ಆಯಿತು. ನಿಮ್ಮ ಮಾತು ಹೇಳಿ ಎಂದು ಕೇಳಿದ್ದಕ್ಕೇ ಇಷ್ಟು. ಈ ಕೆಲಸದಲ್ಲಿ ದುಡ್ಡಿನ ಜೊತೆ ಮರ್ಯಾದೆಗೂ ಎಷ್ಟು ಹಸಿವಿದೆ ನೋಡಿ.

ಬಾಂಗ್ಲಾದೇಶದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಗಾರ್ಮೆಂಟ್ಸ್ ಕನಿಷ್ಠ ವೇತನ 3,000 ಟಾಕಾದಿಂದ 5,300ಕ್ಕೆ ಏರಿತು. ಒಂದೇ ಸಲಕ್ಕೆ 77%. ಮುಂದಿನ ವರ್ಷಗಳಲ್ಲಿ ಆ ದೇಶದ ಬಟ್ಟೆ ರಫ್ತು ಬೆಳೆಯುತ್ತಲೇ ಹೋಯಿತು. ಆದರೆ 2023ರಲ್ಲಿ ಮತ್ತೆ 8,000ದಿಂದ 12,500 ಟಾಕಾಕ್ಕೆ ಏರಿಸುವಾಗ ಬೀದಿಯಲ್ಲಿ ಕಾರ್ಮಿಕರ ಹೆಣ ಬಿದ್ದವು. ಅಲ್ಲೂ ಐದು ವರ್ಷಕ್ಕೊಮ್ಮೆ ಏರಿಸುವ ಪದ್ಧತಿ. ನಡುವಿನ ವರ್ಷಗಳಲ್ಲಿ ಹೊಟ್ಟೆಯಲ್ಲಿ ಇಟ್ಟುಕೊಂಡ ಸಂಕಟ ಒಂದೇ ತಿಂಗಳಲ್ಲಿ ಸಿಡಿಯಿತು.

ನಿಜವಾಗಿ ಏಟು ತಿನ್ನುವವರು

ಪೀಣ್ಯದ ಒಳರಸ್ತೆಗಳಲ್ಲಿ ಹತ್ತು ಹದಿನೈದು ಜನ ಇಟ್ಟುಕೊಂಡು ಲೇತ್ ಮೆಷಿನ್ ನಡೆಸುವವರಿದ್ದಾರೆ. ಅವರೇ ಬೆಳಗ್ಗೆ ಬಾಗಿಲು ತೆಗೆಯುವವರು, ಅವರೇ ರಾತ್ರಿ ಬೀಗ ಹಾಕುವವರು. ಅವರನ್ನು ನಾನು ಶೋಷಕರ ಸಾಲಿನಲ್ಲಿ ನಿಲ್ಲಿಸಲಾರೆ. ಅವರ ಬಿಡಿಭಾಗಕ್ಕೆ ದರ ಹೇಳುವುದು ದೊಡ್ಡ ಕಂಪನಿ. ಸಣ್ಣ ಘಟಕಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬರುವುದು ಮೂರು ನಾಲ್ಕು ತಿಂಗಳಿಗೆ. ಸಂಬಳ ಮಾತ್ರ ಪ್ರತಿ ತಿಂಗಳು ಕೊಡಲೇಬೇಕು. ಕೂಲಿ ಏರಿದಾಗ ಈ ಮಾಲೀಕ ನಡುವೆ ಸಿಕ್ಕಿಬೀಳುತ್ತಾನೆ. ಅವನ ಕಷ್ಟಕ್ಕೆ ಪರಿಹಾರ ಅವನ ಹೆಲ್ಪರನ ಕೂಲಿ ಇಳಿಸುವುದಲ್ಲ. ಅವನಿಗೆ ಬರಬೇಕಾದ ಬಿಲ್ಲು ಸಮಯಕ್ಕೆ ಬರುವ ಹಾಗೆ ಮಾಡುವುದು. ಕನಿಷ್ಠ ವೇತನ ಏರಿದ ದಿನದಿಂದ ಗುತ್ತಿಗೆಯ ದರವೂ ತಾನಾಗಿ ಏರಬೇಕು ಎಂಬ ಷರತ್ತು ದೊಡ್ಡ ಕಂಪನಿಗಳ ಆರ್ಡರಿನಲ್ಲೇ ಇರಬೇಕು. ರಫ್ತಿನವರ ಸಂಕಟವೂ ಸುಳ್ಳಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ 50% ಸುಂಕ ಹಾಕಿದಾಗ ಮೊದಲು ನಡುಗಿದ್ದು ಬಟ್ಟೆ ಉದ್ಯಮ. ಆದರೆ ಸುಂಕ ಹಾಕಿದ್ದು ಟೈಲರ್ ಹೆಂಗಸಲ್ಲ.

ಇನ್ನೊಂದು ಏಟು ಕಾರ್ಮಿಕರಿಗೇ ಬೀಳುವಂಥದ್ದು. ಅದರ ಬಗ್ಗೆ ಮಾತು ಕಡಿಮೆ. ಇಎಸ್‌ಐ ಸೌಲಭ್ಯಕ್ಕೆ ಸಂಬಳದ ಮಿತಿ 2017ರಿಂದ 21,000 ರೂಪಾಯಿ. 2025ರ ಕರಡಿನಲ್ಲಿ ಬೆಂಗಳೂರು ವಲಯಕ್ಕೆ ಇಟ್ಟ ದರ, ಅಕುಶಲ ಕೆಲಸಕ್ಕೂ, 23 ಸಾವಿರದ ಮೇಲಿತ್ತು. ಅಂದರೆ ಸಂಬಳ ಏರಿದರೆ ಲಕ್ಷಾಂತರ ಕುಟುಂಬಗಳು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲಿನಿಂದ ಹೊರಗೆ ಬೀಳುತ್ತವೆ. ಒಂದು ಹೆರಿಗೆ, ಒಂದು ಹೃದಯದ ಆಪರೇಷನ್, ಅಲ್ಲಿಗೆ ಹಲವು ವರ್ಷದ ಏರಿಕೆ ಖಾಸಗಿ ಆಸ್ಪತ್ರೆಯ ಪಾಲು. ಹಳೆಯ ಬೋನಸ್ ಕಾಯ್ದೆಯಲ್ಲೂ ಇದೇ 21,000ದ ಗೆರೆ ಇತ್ತು. ವೇತನ ಏರಿಸುವುದು ರಾಜ್ಯ, ಇಎಸ್‌ಐ ಮಿತಿಯನ್ನು ಏರಿಸುವುದು ಕೇಂದ್ರ. ಎರಡೂ ಜೊತೆಗೆ ಏರದಿದ್ದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಮತ್ತೆ ಟಾರ್ಗೆಟ್. ಗಾರ್ಮೆಂಟ್ಸ್ ಹೆಂಗಸರನ್ನು ಮಾತಾಡಿಸಿದರೆ ಇದು ಪದೇ ಪದೇ ಬರುತ್ತದೆ. ಸಂಬಳ ಏರಿದ ತಿಂಗಳೇ ಗಂಟೆಗೆ ಹೊಲಿಯಬೇಕಾದ ಪೀಸುಗಳೂ ಏರುತ್ತವೆ. ನೀರು ಕುಡಿಯದೆ, ಬಾತ್ರೂಮಿಗೆ ಹೋಗದೆ ಕೂರಬೇಕು. ಸಂಬಳದ ಚೀಟಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಕೂಲಿಗೆ ತಳಮಿತಿ ಇಟ್ಟವರು ಟಾರ್ಗೆಟ್ಟಿಗೆ ಮೇಲ್ಮಿತಿ ಇಡದಿದ್ದರೆ ಏರಿಕೆಯ ಅರ್ಧ ಅವರ ಸೊಂಟದಿಂದಲೇ ವಸೂಲಾಗುತ್ತದೆ.

ಗೆಜೆಟ್ಟಿನಿಂದ ಕೈಗೆ

ಕೇಂದ್ರದ 2018–19ರ ಆರ್ಥಿಕ ಸಮೀಕ್ಷೆ ಕನಿಷ್ಠ ವೇತನಕ್ಕೇ ಒಂದು ಅಧ್ಯಾಯ ಇಟ್ಟಿತ್ತು. ಕೂಲಿಗೆ ದುಡಿಯುವ ಮೂವರಲ್ಲಿ ಒಬ್ಬರಿಗೆ ಈ ಕಾಯ್ದೆಯ ರಕ್ಷಣೆ ಸಿಗುತ್ತಿಲ್ಲ ಎಂದಿತು ಅದು. ದೇಶದಲ್ಲಿ 429 ಬಗೆಯ ಅನುಸೂಚಿತ (ಕಾಯ್ದೆಯ ಪಟ್ಟಿಗೆ ಸೇರಿದ) ಉದ್ಯೋಗಗಳು, ಅಕುಶಲರಿಗೇ 1,915 ವರ್ಗಗಳು ಇದ್ದವು. ಇಷ್ಟು ಗೋಜಲಿನಲ್ಲಿ ತನ್ನ ದರ ಎಷ್ಟು ಎಂದು ಒಬ್ಬ ಹೆಲ್ಪರ್ ತಿಳಿದುಕೊಳ್ಳುವುದು ಹೇಗೆ?

ದೂರ ಹೋಗುವುದು ಬೇಡ. ನಮ್ಮ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಕೂತಿರುವ ಸೆಕ್ಯುರಿಟಿ ಗಾರ್ಡ್ ನೋಡಿ. ಬಹುತೇಕ ಕಡೆ 12 ಗಂಟೆ ಪಾಳಿ. ಕನಿಷ್ಠ ವೇತನ ಲೆಕ್ಕ ಹಾಕಿರುವುದು 8 ಗಂಟೆಗೆ. ಉಳಿದ 4 ಗಂಟೆ ಓಟಿ. ಓಟಿಗೆ ಎರಡು ಪಟ್ಟು. ಅಂದರೆ 8 ಗಂಟೆ ಕೂಲಿಗೆ ಮತ್ತೆ 8 ಗಂಟೆಯ ಕೂಲಿ ಸೇರಬೇಕು. 12 ಗಂಟೆ ನಿಂತವನಿಗೆ ದಿನಕ್ಕೆ ಎರಡು ದಿನದ ವೇತನ ಬರಬೇಕು. ಬರುತ್ತಿದೆಯಾ? ನಾನು ಬಾಡಿಗೆಗಿದ್ದ ಒಂದು ಕಟ್ಟಡದಲ್ಲಿ ಮೇಂಟೆನೆನ್ಸ್ ಸಭೆ ನಡೆದಾಗ ಈ ಲೆಕ್ಕ ಕೇಳಿದೆ. ಏಜೆನ್ಸಿಗೆ ಕೊಟ್ಟಿದ್ದೇವೆ, ಅವರು ನೋಡಿಕೊಳ್ಳುತ್ತಾರೆ ಎಂಬ ಉತ್ತರ ಬಂತು. ಏಜೆನ್ಸಿಗೆ ನಾವು ಕೊಡುತ್ತಿದ್ದ ಒಟ್ಟು ದುಡ್ಡೇ ಆ ಲೆಕ್ಕಕ್ಕೆ ಸಾಲುತ್ತಿರಲಿಲ್ಲ. ಈ ವಿಷಯದಲ್ಲಿ ಮಾಲೀಕರು ಯಾರೋ ಬೇರೆಯವರಲ್ಲ, ನಾವೇ. ಮನೆಗೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ದೇಶದಲ್ಲೇ ಮೊದಲು ಸೇರಿಸಿದ್ದು ಕರ್ನಾಟಕ, 2004ರಲ್ಲಿ. ಎಷ್ಟು ಮನೆಗಳಲ್ಲಿ ಆ ದರ ಗೊತ್ತಿದೆ?

ಇನ್ನು ಒಂದು ಪದವೇ ಜನರನ್ನು ಪಟ್ಟಿಯಿಂದ ಆಚೆ ಇಟ್ಟಿದೆ. ಆ ಪದ ‘ಗೌರವಧನ’. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಬಿಸಿಯೂಟ ಮಾಡುವ ಅಮ್ಮ. ಇವರಿಗೆ ಕೊಡುವುದು ಸಂಬಳ ಅಲ್ಲವಂತೆ. ಹಾಗಾಗಿ ಕನಿಷ್ಠ ವೇತನ ಅನ್ವಯಿಸುವುದಿಲ್ಲವಂತೆ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಕೊನೆಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತ್ರಿ ಮಾಡುವ ಭರವಸೆ ಸಿಕ್ಕಿತು. ಅದೇ ಸರ್ಕಾರ ಮೂರು ತಿಂಗಳಿಗೆ ಕಾರ್ಖಾನೆಗಳಿಗೆ 19,300ದ ಕರಡು ಹೊರಡಿಸಿತು. ಖಾಸಗಿಯವರಿಗೆ ಹೇಳುವ ಅಂಕಿಯನ್ನು ಸರ್ಕಾರ ತನ್ನ ಮನೆಯಲ್ಲೇ ಮೊದಲು ಕೊಟ್ಟು ತೋರಿಸಲಿ. ನರೇಗಾ ಕೂಲಿಯ ವಿಷಯದಲ್ಲೂ ಇದೇ ತಕರಾರು ಇತ್ತು. 2011ರಲ್ಲಿ ಕರ್ನಾಟಕ ಹೈಕೋರ್ಟು, ಉದ್ಯೋಗ ಖಾತ್ರಿಯಲ್ಲೂ ರಾಜ್ಯದ ಕನಿಷ್ಠ ವೇತನ ಕೊಡಬೇಕು ಎಂದಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ತಡೆ ಸಿಗಲಿಲ್ಲ.

ಹೊಲದ ಕೂಲಿಯ ಬಗ್ಗೆ ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯುತ್ತದೆ. ಅಲ್ಲಿ ಕೊಡುವವನೂ ಬಡವನೇ. ಎರಡು ಎಕರೆ ರಾಗಿ ಹಾಕಿದವನು ಆಳು ಕರೆಯುತ್ತಾನೆ, ಕಳೆ ಮುಗಿದ ಮೇಲೆ ತಾನೇ ಇನ್ನೊಬ್ಬರ ತೋಟಕ್ಕೆ ಆಳಾಗಿ ಹೋಗುತ್ತಾನೆ. ಅವನ ಬೆಳೆಗೆ ಅವನು ದರ ಹೇಳುವ ಹಾಗಿಲ್ಲ. ಬೆಂಬಲ ಬೆಲೆ ಲೆಕ್ಕ ಹಾಕುವಾಗ ಆಳಿನ ಖರ್ಚನ್ನೂ ಹಿಡಿಯುತ್ತಾರೆ. ಕಾನೂನಿನ ಕನಿಷ್ಠ ಕೂಲಿಯನ್ನೇ ಹಿಡಿದು ಬೆಲೆ ಕಟ್ಟಿ, ಆ ಬೆಲೆಗೆ ಕೊಂಡುಕೊಂಡರೆ, ರೈತ ಕೂಲಿ ಕೊಡಲು ಹಿಂದೆ ಸರಿಯುವುದಿಲ್ಲ. ಆದರೆ ಹೆಣ್ಣಾಳಿಗೆ ಒಂದು ದರ, ಗಂಡಾಳಿಗೆ ಒಂದು ದರ ಎಂಬ ಪದ್ಧತಿಗೆ ಬಡತನದ ನೆಪ ಹೇಳಲಾಗದು. ಸಮಾನ ವೇತನ ಕಾಯ್ದೆ ಬಂದು ಐವತ್ತು ವರ್ಷವಾಯಿತು.

2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಹಳೆಯ ಅನುಸೂಚಿಯ ಪಟ್ಟಿ ಹೋಯಿತು. ಕನಿಷ್ಠ ವೇತನ ಈಗ ಎಲ್ಲ ಉದ್ಯೋಗಕ್ಕೂ ಅನ್ವಯಿಸುತ್ತದೆ. ಕೇಂದ್ರ ಒಂದು ತಳಮಿತಿ ಗೊತ್ತುಮಾಡಬೇಕು, ಯಾವ ರಾಜ್ಯವೂ ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಇದು ಒಳ್ಳೆಯದು, ಆ ತಳಮಿತಿ ಮರ್ಯಾದೆಯದ್ದಾಗಿದ್ದರೆ. 2017ರಲ್ಲಿ ಗೊತ್ತುಮಾಡಿದ ರಾಷ್ಟ್ರೀಯ ತಳಮಟ್ಟದ ಕೂಲಿ ದಿನಕ್ಕೆ 176 ರೂಪಾಯಿ. ಕೇಂದ್ರವೇ ನೇಮಿಸಿದ್ದ ಅನೂಪ್ ಸತ್ಪತಿ ಸಮಿತಿ 2019ರ ಆರಂಭದಲ್ಲೇ 375 ರೂಪಾಯಿ ಬೇಕು ಎಂದು ಲೆಕ್ಕ ಸಮೇತ ಕೊಟ್ಟಿತ್ತು. ಇನ್‌ಸ್ಪೆಕ್ಟರ್ ಎಂಬ ಹುದ್ದೆ ಈಗ ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’ ಆಗಿದೆ, ಅಂದರೆ ತಪಾಸಣೆ ಮಾಡುವವರೇ ಮಾಲೀಕರಿಗೆ ಸಲಹೆಯನ್ನೂ ಕೊಡುವವರು. ತಪಾಸಣೆಗೆ ಯಾವ ಕಾರ್ಖಾನೆ ಎಂಬುದನ್ನು ಕಂಪ್ಯೂಟರೇ ಆರಿಸಬಹುದು. ತಪಾಸಣೆ ಸಡಿಲವಾಗುತ್ತದೆ ಎಂಬ ಸಂಘಟನೆಗಳ ಆತಂಕ ನನಗೂ ಇದೆ.

ಆದರೂ ಈ ಸಂಹಿತೆಯಲ್ಲಿ ಕಾರ್ಮಿಕರಿಗೆ ಉಪಯೋಗಕ್ಕೆ ಬರುವ ಎರಡು ಮಾತುಗಳಿವೆ. ಮೊದಲು ಕಡಿಮೆ ವೇತನದ ಬಗ್ಗೆ ಆರು ತಿಂಗಳೊಳಗೆ ದೂರು ಕೊಡಬೇಕಿತ್ತು. ಈಗ ಮೂರು ವರ್ಷದವರೆಗೆ ಕೇಳಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಇದೆ. ಇನ್ನೊಂದು, ದುಡ್ಡು ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು, ಕೊಟ್ಟಿಲ್ಲ ಎಂದು ಕಾರ್ಮಿಕರಲ್ಲ. ಹಾಗಾಗಿ ಸಂಬಳದ ಚೀಟಿಗಳನ್ನು ಎಸೆಯಬೇಡಿ. ಮಾರ್ಚ್ ತಿಂಗಳದ್ದನ್ನೂ ಏಪ್ರಿಲ್ ತಿಂಗಳದ್ದನ್ನೂ ಪಕ್ಕ ಪಕ್ಕ ಇಟ್ಟು ‘ವಿಡಿಎ’, ಅಂದರೆ ತುಟ್ಟಿಭತ್ಯೆ, ಎಂದು ಬರೆದಿರುವ ಸಾಲು ನೋಡಿ. ಎರಡರಲ್ಲೂ ಒಂದೇ ಅಂಕಿ ಇದ್ದರೆ, ಆ ತಿಂಗಳೇ ಕೇಳಿ.